ಚಾಕ್ ಅಂಡ್ ಚೀಸ್ ಅನ್ನಿಸಿಕೊಂಡ ಅವಳಿ ಮಕ್ಕಳು

೨೦೧೭ನೇ ಇಸವಿಯ ಜನವರಿ ತಿಂಗಳು. ನಾನು ಆಗ ಹೆಮ್ಮಾಡಿಯಿಂದ ಮೂರು ಕಿಲೋಮೀಟರು ಒಳಗಿರುವ ನಮ್ಮ ಊರಿನ ಆಶಾ ಕಾರ್ಯಕರ್ತೆ. ಕೆಲಸಕ್ಕೆ ಸೇರಿ ಏಳು ವರ್ಷ ಕಳೆದಿತ್ತು. ಮಕ್ಕಳೇ, ನಿಮ್ಮ ಅಜ್ಜ ಬೈಂದೂರು ಕಡೆ ಓಡುವ ಬಸ್ಸಿನ ಡ್ರೈವರ್ ಆಗಿದ್ದರು. ಎದೆನೋವು ಬಂದು ಅವರು ತೀರಿಕೊಂಡ ಮೇಲೆ ಪಂಚಾಯಿತಿಯವರೇ ಕರೆದು ಈ ಕೆಲಸಕ್ಕೆ ನನ್ನ ಹೆಸರು ಬರೆಸಿದರು. ಹತ್ತನೇ ತರಗತಿಯವರೆಗೆ ಊರ ಶಾಲೆಯಲ್ಲಿ ಓದಿದವಳು ನಾನು. ನಾಲ್ಕು ಜನರೆದುರು ಬಾಯಿ ಬಿಡಲು ಹೆದರಿಕೆ. ಗುಲಾಬಿ ಸೀರೆ ಉಟ್ಟು ಮನೆಮನೆಗೆ ಹೋಗುವಾಗಲೂ ಅಂಗಳದಲ್ಲಿ ನಿಂತು ಸಣ್ಣಗೆ ಕೆಮ್ಮಿ, ಯಾರಾದರೂ ಹೊರಗೆ ಬರಲಿ ಎಂದು ಕಾಯುತ್ತಿದ್ದೆ.

ಆಶಾ ಕೆಲಸದಲ್ಲಿ ಬಹಳ ಮುಖ್ಯವಾದದ್ದು ಹುಟ್ಟಿದ ಮಗುವಿನ ಮನೆ ಭೇಟಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಮೂರನೇ ದಿನ, ಏಳನೇ ದಿನ, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನ ನೋಡಬೇಕು. ತೂಕ ಕಡಿಮೆ ಇದ್ದರೆ ನಡುವೆ ಇನ್ನಷ್ಟು ಸಲ ಹೋಗಬೇಕು. ಜೋಲಿಯ ತಕ್ಕಡಿಯಲ್ಲಿ ತೂಕ, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಜ್ವರ, ಆಮೇಲೆ ಉಸಿರಾಟ. ಉಸಿರನ್ನು ಅಂದಾಜಿನಲ್ಲಿ ಬರೆಯುವ ಹಾಗಿಲ್ಲ. ಮಗುವಿನ ಬಟ್ಟೆ ಸರಿಸಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರವತ್ತು ದಾಟಿದರೆ ಅಪಾಯ. ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಅಳು ಕ್ಷೀಣವಾದರೆ, ಎಬ್ಬಿಸಿದರೂ ಕಣ್ಣು ಬಿಡದಿದ್ದರೆ ಕೂಡಲೇ ಆಸ್ಪತ್ರೆಗೆ ಕಳಿಸಬೇಕು. ತರಬೇತಿಯಲ್ಲಿ ಇದನ್ನೆಲ್ಲ ನಮ್ಮಿಂದ ಬಾಯಿಪಾಠ ಮಾಡಿಸಿದ್ದರು. ಇಂದಿಗೂ ನನಗೆ ಮರೆತಿಲ್ಲ.

ಈಗ ಇದನ್ನು ಬರೆಯಲು ಕಾರಣ ನಿಮ್ಮ ಇಂಗ್ಲಿಷ್ ಪುಸ್ತಕ. ಬ್ರಹ್ಮಾವರದ ಈ ಮನೆಗೆ ಬಂದ ಮೇಲೆ ಸಂಜೆ ನೀವು ಓದುವಾಗ ನಾನೂ ಹತ್ತಿರ ಕೂತಿರುತ್ತೇನಲ್ಲ. ಮೊನ್ನೆ ಒಂದು ಪುಟದಲ್ಲಿ ‘ಚಾಕ್ ಅಂಡ್ ಚೀಸ್’ ಎಂಬ ಮಾತಿನ ಅರ್ಥ ಬರೆದು ವಾಕ್ಯದಲ್ಲಿ ಬಳಸಿ ಎಂದು ಇತ್ತು. ನೀವು ಅರ್ಥ ಕೇಳಿದಿರಿ. ನಾನು ಹೇಳಿದೆ. ಅಜ್ಜಿಗೆ ಇಂಗ್ಲಿಷ್ ಹೇಗೆ ಗೊತ್ತು ಎಂದು ನಕ್ಕಿರಿ. ಅದನ್ನು ಎಲ್ಲಿ ಕಲಿತೆ ಎಂದು ಅವತ್ತು ಹೇಳಲು ಬಾಯಿ ಬರಲಿಲ್ಲ. ಬರೆದರೆ ಸುಲಭ ಆಗಬಹುದು ಎಂದು ಬರೆಯುತ್ತಿದ್ದೇನೆ.

ನಮ್ಮ ಊರಿನ ಸೀತಮ್ಮನ ಮಗಳು ಸುಜಾತ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ಗಂಡ ಇಲ್ಲೇ ಬ್ರಹ್ಮಾವರದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವವನು. ಕುಂದಾಪುರದಲ್ಲಿ ಹೆರಿಗೆಯಾಯಿತು. ಅವಳಿ ಹೆಣ್ಣುಮಕ್ಕಳು. ಮೊದಲು ಬಂದದ್ದು ಎರಡು ಸಾವಿರದ ನೂರು ಗ್ರಾಂ, ಆರು ನಿಮಿಷ ಬಿಟ್ಟು ಬಂದದ್ದು ಸಾವಿರದ ಒಂಬೈನೂರು ಗ್ರಾಂ. ಎರಡೂ ಕಡಿಮೆ ತೂಕದವೇ, ಆದರೆ ಹಾಲು ಚೀಪುತ್ತಿದ್ದವು. ಐದನೇ ದಿನ ಮನೆಗೆ ಕಳಿಸಿದರು. ಹೆಸರಿಡುವವರೆಗೆ ಮನೆಯಲ್ಲಿ ಅವನ್ನು ದೊಡ್ಡದು, ಸಣ್ಣದು ಎಂದೇ ಕರೆದರು.

ಸೀತಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಆಗ ಆಕೆಗೆ ಎಪ್ಪತ್ತರ ಹತ್ತಿರ. ಊರಿನ ಅರ್ಧ ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಮೀಯಿಸಿದವಳು. ನಿಮ್ಮ ಅಪ್ಪನನ್ನು ನಲವತ್ತು ದಿನ ಮೀಯಿಸಿದ್ದೂ ಆಕೆಯೇ. ಆಗ ನಾನು ಇಪ್ಪತ್ತೆರಡರ ಬಾಣಂತಿ, ಆಕೆ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದೆ. ಐವತ್ತರ ಹತ್ತಿರ ಬಂದು, ಕೈಯಲ್ಲಿ ಥರ್ಮಾಮೀಟರ್ ಹಿಡಿದರೂ ಆಕೆಯ ಮುಂದೆ ನಿಂತರೆ ನನಗೆ ಅದೇ ಇಪ್ಪತ್ತೆರಡು.

ಏಳನೇ ದಿನದ ಭೇಟಿಗೆ ನಮ್ಮ ಆರೋಗ್ಯ ಕೇಂದ್ರದ ಡಾಕ್ಟರೂ ಸಿಸ್ಟರೂ ಜೊತೆಗೆ ಬಂದರು. ಡಾಕ್ಟರು ಮೈಸೂರು ಕಡೆಯ ಹುಡುಗ, ಕೆಲಸಕ್ಕೆ ಸೇರಿ ಆರು ತಿಂಗಳು ಆಗಿರಲಿಲ್ಲ. ತಾಳ್ಮೆಯವರು. ದೊಡ್ಡದನ್ನು ಮುಟ್ಟುವ ಮೊದಲೇ ಅದು ಕಿರುಚಲು ಶುರುಮಾಡಿತು. ಮುಖ ಕೆಂಪಾಗಿ, ಎರಡು ಮುಷ್ಟಿ ಬಿಗಿಹಿಡಿದು, ಬಿಡದೆ ಅತ್ತಿತು. ಸಣ್ಣದನ್ನು ಎತ್ತಿದರೆ ಆಕಳಿಸಿ, ಒಂದು ಕಣ್ಣು ತೆರೆದು ನೋಡಿ, ಮತ್ತೆ ಮಲಗಿತು.

“ಕಾಣಿ ಡಾಕ್ಟ್ರೆ,” ಎಂದಳು ಸೀತಮ್ಮ. “ದೊಡ್ಡದ್ ಮೀನ್ ಮಾರುಕ್ ಹೋಪುದೇ ಸೈ. ಸಣ್ಣದ್ದನ್ನ ಮಠಕ್ ಕೊಡ್ಲಕ್ಕ್.”

ಡಾಕ್ಟರು ನಕ್ಕರು. “ನಿಜ ಅಜ್ಜಿ, ಇವರಿಬ್ಬರೂ ಚಾಕ್ ಅಂಡ್ ಚೀಸ್!”

“ಅದೆಂತ? ಮದ್ದಾ?”

ಸಿಸ್ಟರ್ ಸೆರಗು ಬಾಯಿಗೆ ಹಿಡಿದು ನಕ್ಕರು. ಬಾಣಂತಿ ಸುಜಾತಳೂ ನಕ್ಕಳು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಆ ದಿನ ಮಾತ್ರ.

ನಗುತ್ತಲೇ ಡಾಕ್ಟರು ಎರಡೂ ಮಕ್ಕಳನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿದರು. ಸಣ್ಣದರ ಪಾದಕ್ಕೆ ಬೆರಳಲ್ಲಿ ತಟ್ಟಿದರು. ಅದು ಥಟ್ಟನೆ ಎಚ್ಚರಾಗಿ ಜೋರಾಗಿ ಅತ್ತಿತು, ಎದೆಗೆ ಹಾಕಿದ ಕೂಡಲೇ ಗಟ್ಟಿಯಾಗಿ ಚೀಪಿತು. ಉಸಿರು ನಿಮಿಷಕ್ಕೆ ನಲವತ್ತೆಂಟು, ತೂಕ ಸಾವಿರದ ಏಳುನೂರ ಎಂಬತ್ತು. ಹುಟ್ಟಿದ ಮೊದಲ ವಾರದಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಎಲ್ಲವನ್ನೂ ನಾನೇ ಮನೆ ಭೇಟಿಯ ಕಾರ್ಡಿನಲ್ಲಿ ಬರೆದೆ. ಅವತ್ತು ಆ ಮಗುವಿಗೆ ಏನೂ ಆಗಿರಲಿಲ್ಲ. ಅದರ ಸ್ವಭಾವವೇ ಮೆತ್ತಗಿನದು, ಅಷ್ಟೆ.

ಹಿಂದಿರುಗುವಾಗ ಜೀಪಿನಲ್ಲಿ ಧೈರ್ಯ ಮಾಡಿ ಕೇಳಿದೆ, “ಸರ್, ಅದು ಏನು ಹೇಳಿದ್ದು? ಚಾಕ್ ಅಂದರೆ ಸೀಮೆಸುಣ್ಣ ಅಲ್ಲವಾ?”

“ಹೌದಮ್ಮ, ಸೀಮೆಸುಣ್ಣವೇ. ಚೀಸ್ ಅಂದ್ರೆ ಹಾಲಿಂದ ಮಾಡೋ ಗಿಣ್ಣಿನ ಥರದ್ದು.” ನಾನು ಚೀಸ್ ನೋಡಿರಲಿಲ್ಲ. ಅವರು ಬಿಡಿಸಿ ಹೇಳಿದರು. ಒಟ್ಟಿಗೆ ಇರುವ ಇಬ್ಬರು, ಅಣ್ಣತಮ್ಮಂದಿರೋ ಗಂಡಹೆಂಡತಿಯೋ, ಗುಣದಲ್ಲಿ ಒಂದಿಷ್ಟೂ ಹೋಲದಿದ್ದರೆ ಹೀಗೆ ಹೇಳುತ್ತಾರೆ. ಬಿಸಿ ಮತ್ತು ತಣ್ಣಗೆ ಎಂಬಂಥ ಎದುರುಬದುರು ಅಲ್ಲ ಇದು. ಮೇಲುನೋಟಕ್ಕೆ ಜೋಡಿ ಅನ್ನಿಸಬೇಕು, ಒಳಗೆ ಪೂರ್ತಿ ಬೇರೆ ಇರಬೇಕು. ಇಂಗ್ಲಿಷಿನಲ್ಲಿ ಎರಡು ಪದಗಳೂ ಒಂದೇ ಅಕ್ಷರದಿಂದ ಶುರುವಾಗುತ್ತವೆ, ಅದೂ ಆ ಮಾತಿನ ಸೊಗಸಿಗೆ ಸೇರಿದ್ದು ಎಂದರು. “ನಾನೂ ನಮ್ಮಣ್ಣನೂ ಹಾಗೇ. ಅವನು ಮಾತು ನಿಲ್ಲಿಸಲ್ಲ, ನಾನು ಶುರುಮಾಡಲ್ಲ.”

“ಅದರಲ್ಲಿ ಯಾವುದು ಒಳ್ಳೆಯದು ಸರ್?”

“ಯಾವುದೂ ಅಲ್ಲಮ್ಮ. ಬೇರೆ, ಅಷ್ಟೆ.”

ನನ್ನ ಡೈರಿಯ ಕೊನೆಯ ಹಾಳೆಗಳಲ್ಲಿ ವರದಿಗೆ ಬೇಕಾಗುವ ಇಂಗ್ಲಿಷ್ ಪದಗಳನ್ನು ಬರೆದಿಡುತ್ತಿದ್ದೆ. ಅವತ್ತು ರಾತ್ರಿ ಊಟಕ್ಕೆ ಮೊದಲು ಇದನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಹೊಸದೊಂದು ಕಲಿತೆ ಎಂಬ ಖುಷಿ ಇತ್ತು.

ಒಂಬತ್ತನೇ ದಿನ ಒಬ್ಬಳೇ ಹೋದೆ. ಬಚ್ಚಲಿನಿಂದ ಇನ್ನೂ ಹಬೆ ಬರುತ್ತಿತ್ತು. ಸೀತಮ್ಮ ಎರಡೂ ಮಕ್ಕಳನ್ನು ಮೀಯಿಸಿ, ಹೊಗೆ ಹಿಡಿದು, ಹಳೆಯ ಸೀರೆಯ ತುಂಡಿನಲ್ಲಿ ಕುತ್ತಿಗೆಯವರೆಗೆ ಬಿಗಿಯಾಗಿ ಸುತ್ತಿ ಮಲಗಿಸಿದ್ದಳು. ದೊಡ್ಡದು ಯಥಾಪ್ರಕಾರ ಅಳುತ್ತಿತ್ತು. ಹೇಗೂ ಎಚ್ಚರವಿದೆಯಲ್ಲ ಎಂದು ಮೊದಲು ಅದನ್ನೇ ಬಿಚ್ಚಿ ತೂಕ ಮಾಡಿ ಉಸಿರು ಎಣಿಸಿದೆ. ಐವತ್ತೆರಡು. ಆಮೇಲೆ ಸಣ್ಣದರ ಕಡೆ ಕೈ ಚಾಚಿದೆ.

“ಎಬ್ಸ್‌ಬ್ಯಾಡ ಮರಾಯ್ತಿ,” ಎಂದಳು ಸೀತಮ್ಮ. “ಈಗಷ್ಟೇ ಮೀಸಿ ಮಲ್ಗ್ಸಿದ್ದ್. ಬಿಚ್ಚಿರೆ ಥಂಡಿ ಹಿಡಿತ್ತ್.”

“ಒಂದ್ ನಿಮಿಷ ಅಮ್ಮಾ. ಉಸ್ರ್ ಮಾತ್ರ ಎಣ್ಸ್ತೆ.”

“ಉಸ್ರ್ ಎಲ್ಲಿಗ್ ಹೋತ್ತ್? ದೊಡ್ಡದ್ದ್ರದ್ ಎಣ್ಸಿದ್ಯಲೆ, ಸಾಕ್. ಇದ್ ಹಾಂಗೇ. ನಿನ್ ಡಾಕ್ಟ್ರೇ ಹೇಳ್ರಲೆ, ಅದೆಂತದೋ ಚಾಕ್ ಅಂದ್ಹೇಳಿ.”

ಮಂಚದ ಮೇಲೆ ಒರಗಿದ್ದ ಸುಜಾತ ಸಣ್ಣ ಸ್ವರದಲ್ಲಿ ಹೇಳಿದಳು, “ಗಿರಿಜಕ್ಕ, ಇದ್ ಹಾಲ್ ಕುಡೂದ್ ಒಂಚೂರ್ ಕಮ್ಮಿ ಆಯ್ತಾ ಅಂದ್ಹೇಳಿ ನಂಗೆ...”

ಸೀತಮ್ಮ ಮಾತು ಮುಗಿಸಲು ಬಿಡಲಿಲ್ಲ. “ದೊಡ್ಡದ್ ಎರಡ್ ಪಾಲ್ ಕುಡಿತ್ತ್, ಸಣ್ಣದಕ್ಕೆ ಅರ್ಧ ಸಾಕ್. ಒಂದೊಂದ್ರ ಹೊಟ್ಟಿ ಒಂದೊಂದ್ ನಮೂನಿ. ನೀನ್ ಸುಮ್ನೆ ಮಲ್ಕೊ.”

ಸುಜಾತ ನನ್ನ ಮುಖ ನೋಡಿದಳು. ನಾನು ನಗಬೇಕಾದ ಜಾಗವಲ್ಲ ಅದು, ಆದರೂ ನಕ್ಕೆ. “ಎರಡೂ ಬೇರೆ ಬೇರೆ ಅಲ್ದಾ ಸುಜಾತ,” ಎಂದೆ. ಮಗುವಿನ ಕೆನ್ನೆ ಬೆರಳಲ್ಲಿ ಮುಟ್ಟಿದೆ. ಸ್ನಾನದ ಬಿಸಿ ಇನ್ನೂ ಇತ್ತು. ಕಾರ್ಡಿನಲ್ಲಿ ದೊಡ್ಡದರ ಸಾಲಿನಲ್ಲಿ ಸಂಖ್ಯೆಗಳನ್ನು ಬರೆದೆ. ಸಣ್ಣದರ ಸಾಲಿನಲ್ಲಿ ‘ಸರಿ’ ಎಂದು ಬರೆದು ಹೊರಟೆ.

ಹನ್ನೊಂದನೇ ದಿನ ಹೆರಿಗೆಯ ಸೂತಕ ಕಳೆದು ತೊಟ್ಟಿಲಿಗೆ ಹಾಕುವ ಶಾಸ್ತ್ರ. ನನ್ನ ಭೇಟಿಯೂ ಅವತ್ತೇ ಬಿತ್ತು. ಹೋಗದೆ ಇರಬಾರದು ಎಂದು ಬೆಳಿಗ್ಗೆ ಹತ್ತೂವರೆಗೆ ಹೋದೆ. ಅಂಗಳದ ತುಂಬ ಚಪ್ಪಲಿಗಳು. ಒಳಗೆ ಭಟ್ಟರ ಮಂತ್ರ, ಹೆಂಗಸರ ಗದ್ದಲ. ನಾನು ಚೀಲ ಹಿಡಿದು ಜಗಲಿಯ ತುದಿಯಲ್ಲಿ ಕೂತೆ.

ಈ ಕಾಲದ ಮಕ್ಕಳಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕು. ಗಂಡ ಸತ್ತವಳು ಶುಭಕಾರ್ಯ ನಡೆಯುವಾಗ ಮುಂದೆ ಬರಬಾರದು, ತೊಟ್ಟಿಲು ಮುಟ್ಟಬಾರದು ಎಂದು ನಮ್ಮಲ್ಲಿ ನಡೆದುಬಂದಿತ್ತು. ಉಳಿದ ದಿನ ಅದೇ ಮನೆಗಳಲ್ಲಿ ನಾನು ಮಕ್ಕಳನ್ನು ಎತ್ತುತ್ತಿದ್ದೆ, ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಶಾಸ್ತ್ರದ ದಿನ ಬಂದರೆ ನಾನೇ ಹಿಂದೆ ಉಳಿಯುತ್ತಿದ್ದೆ. ಅವತ್ತೂ ನನ್ನನ್ನು ಯಾರೂ ತಡೆಯಲಿಲ್ಲ. ತಡೆದರು ಎಂದು ಹೇಳುವಂತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಹಾಲಾಡಿಯಿಂದ ಬಂದಿದ್ದ ಸುಜಾತಳ ಚಿಕ್ಕಮ್ಮ ಒಂದು ಲೋಟ ಪಾಯಸ ಹಿಡಿದು ಹೊರಗೆ ಬಂದು ಕರೆದೇ ಕರೆದಳು.

“ಹ್ವಾಯ್ ಗಿರಿಜಕ್ಕ, ಹೊರಗೆ ಎಂತಕ್ ಕೂಕಂಡಿದ್ರಿ? ಒಳಗ್ ಬನ್ನಿ.”

“ಇಲ್ಲೇ ಸಾಕ್. ಶಾಸ್ತ್ರ ಮುಗಿಲಿ. ಮಕ್ಳ್ ಹ್ಯಾಂಗಿದ್ದೊ?”

“ದೊಡ್ಡದ್ರ ಗಲಾಟಿಗೆ ಭಟ್ರ್ ಮಂತ್ರವೇ ಕೇಂತಿಲ್ಲೆ! ಸಣ್ಣದ್ ಬಾಯೇ ಬಿಡ್ಲಿಲ್ಲೆ ಕಾಣಿ. ತೊಟ್ಲಿಗ್ ಹಾಕುವತಿಗೂ ಕಣ್ ಬಿಡ್ಲಿಲ್ಲೆ. ಎಷ್ಟ್ ಪಾಪದ್ದ್ ಮರಾಯ್ರೆ.”

“ಹಾಲ್ ಕುಡಿತ್ತಾ?”

“ಕುಡಿತ್ತ್, ಕುಡಿತ್ತ್.” ಲೋಟ ನನ್ನ ಕೈಗಿಟ್ಟು ಒಳಗೆ ಓಡಿದಳು.

ಈಗ ನೀವು ಹಿಂದಿನ ಪುಟದಲ್ಲಿ ನಾನು ಬರೆದ ಅಪಾಯದ ಗುರುತುಗಳನ್ನು ಇನ್ನೊಮ್ಮೆ ಓದಿ. ಗದ್ದಲದ ಮನೆಯಲ್ಲಿ, ಕೈಯಿಂದ ಕೈಗೆ ಹೋಗುತ್ತ, ಒಮ್ಮೆಯೂ ಕಣ್ಣು ತೆರೆಯದ ಹನ್ನೊಂದು ದಿನದ ಮಗು. ಪಾಪದ್ದು, ಎಂದರೆ ಸಾಧು ಮಗು, ಎಂದು ಚಿಕ್ಕಮ್ಮ ಹೊಗಳಿಕೆ ಎಂದುಕೊಂಡು ಹೇಳಿದ್ದು ನಮ್ಮ ತರಬೇತಿ ಪುಸ್ತಕದ ಮೊದಲ ಸಾಲು. ನನಗೆ ಕೇಳಿಸಿತು, ಹೊಳೆಯಲಿಲ್ಲ. ಅವೆರಡೂ ಬೇರೆ ಬೇರೆ ಎಂದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಪಾಯಸ ಕುಡಿದೆ. ಅರ್ಧ ಗಂಟೆ ಕಾದೆ. ಶಾಸ್ತ್ರ ಮುಗಿಯುವಂತೆ ಕಾಣಲಿಲ್ಲ. ನಾಳೆ ಬಂದರಾಯಿತು ಎಂದು ಎದ್ದು ಬಂದೆ. ಧನ್ಯಾ, ಮಾನ್ಯಾ ಎಂದು ಹೆಸರಿಟ್ಟರು ಎಂಬುದು ದಾರಿಯಲ್ಲಿ ಸಿಕ್ಕವರಿಂದ ತಿಳಿಯಿತು. ಸಣ್ಣದು ಮಾನ್ಯಾ.

ಹನ್ನೆರಡನೇ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಸುಜಾತಳ ಫೋನು ಬಂತು. ಪಿಸುಮಾತಿನ ಸ್ವರ.

“ಗಿರಿಜಕ್ಕ, ಒಂಚೂರ್ ಬತ್ರ್ಯಾ? ಸಣ್ಣದ್ರ ಕಾಲ್ ತಣ್ಣಗಿತ್ತ್. ಅಮ್ಮ ಎಂತ ಇಲ್ಲೆ ಅಂತ್ರ್. ನಂಗ್ ಹೆದ್ರಿಕಿ ಆತ್ತ್.”

ನಡೆದರೆ ಹದಿನೈದು ನಿಮಿಷದ ದಾರಿ. ಓಡಿದೆ. ಅವತ್ತು ಅಂಗಳದಲ್ಲಿ ನಿಂತು ಕೆಮ್ಮಲಿಲ್ಲ, ಸೀದಾ ಬಾಣಂತಿ ಕೋಣೆಗೆ ಹೋಗಿ ಮಗುವಿನ ಬಟ್ಟೆ ಬಿಚ್ಚಿದೆ. ಸೀತಮ್ಮ ಬಾಗಿಲಲ್ಲಿ ನಿಂತು ಏನೋ ಹೇಳಲು ಹೋದವಳು ನನ್ನ ಮುಖ ನೋಡಿ ಪಕ್ಕಕ್ಕೆ ಸರಿದಳು. ಪಾದಕ್ಕೆ ತಟ್ಟಿದೆ. ಮಗು ಹುಬ್ಬು ಗಂಟಿಕ್ಕಿತು, ಬಾಯಿ ತೆರೆಯಿತು, ಸ್ವರ ಹೊರಡಲಿಲ್ಲ. ಎದೆಗೆ ಹಾಕಿದರೆ ಚೀಪಲಿಲ್ಲ, ಹಾಲು ಬಾಯಿಯ ಬದಿಯಿಂದ ಹೊರಗೆ ಹರಿಯಿತು. ಥರ್ಮಾಮೀಟರ್ ತೊಂಬತ್ತೈದೂವರೆ ತೋರಿಸಿತು. ತೊಂಬತ್ತೇಳಕ್ಕಿಂತ ಕೆಳಗಿಳಿದರೆ ಮಗು ತಣ್ಣಗಾಗಿದೆ ಎಂದು ಅರ್ಥ. ತೂಕ ಸಾವಿರದ ಆರುನೂರ ಹತ್ತು. ಉಸಿರು ಎಣಿಸಿದೆ. ಎಪ್ಪತ್ತನಾಲ್ಕು. ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದೆ. ಎಪ್ಪತ್ತಾರು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಎಳೆಯುತ್ತಿತ್ತು.

ಒಂದು ನಿಮಿಷದ ಎಣಿಕೆ. ಅದನ್ನು ನಾನು ಮೂರು ದಿನ ಮೊದಲು ಬಿಟ್ಟಿದ್ದೆ.

೧೦೮ಕ್ಕೆ ಫೋನು ಮಾಡಿ ಡಾಕ್ಟರಿಗೂ ತಿಳಿಸಿದೆ. ಮಗುವನ್ನು ಬರೀ ಮೈಯಲ್ಲಿ ಸುಜಾತಳ ಎದೆಗೆ ಆನಿಸಿ, ಮೇಲೆ ಕಂಬಳಿ ಹೊದಿಸಿದೆ. ತಾಯಿಯ ಮೈಬಿಸಿ ಮಗುವಿಗೆ ತಾಗಲಿ ಎಂದು ಹಾಗೆ ಮಾಡುವುದು. ಸೀತಮ್ಮ ಗೋಡೆ ಹಿಡಿದು ಕೂತಿದ್ದಳು. ಮಕ್ಕಳನ್ನು ಮೀಯಿಸಿ ಮೀಯಿಸಿ ಎಣ್ಣೆ ಇಳಿದ ಆ ಕೈಗಳಲ್ಲಿ ಮಗುವಿಗೆ ಸುತ್ತಿದ್ದ ಸೀರೆಯ ತುಂಡು ಹಾಗೇ ಇತ್ತು. “ಪಾಪದ್ದ್ ಅಂದ್ಕಂಡಿದ್ದೆ ಹೆಣೆ,” ಎಂದಳು. “ಗಲಾಟಿ ಇಲ್ಲೆ, ಪಾಪದ್ದ್ ಅಂದ್ಕಂಡಿದ್ದೆ.”

ಆಂಬುಲೆನ್ಸ್ ಇಪ್ಪತ್ತೈದು ನಿಮಿಷಕ್ಕೆ ಬಂತು. ಕುಂದಾಪುರದಲ್ಲಿ ಆಮ್ಲಜನಕ ಹಾಕಿ, ನರಕ್ಕೆ ಸೂಜಿ ಚುಚ್ಚಿ ಔಷಧಿ ಕೊಟ್ಟು, ರಕ್ತಕ್ಕೆ ನಂಜು ಸೇರಿದೆ, ತಡಮಾಡದೆ ಉಡುಪಿ ಕಡೆ ಕರೆದೊಯ್ಯಿರಿ ಎಂದರು. ಬ್ರಹ್ಮಾವರದಲ್ಲಿ ಹೆದ್ದಾರಿಯ ಬದಿಯಲ್ಲೇ ಸುಜಾತಳ ಗಂಡ ಕಾದು ನಿಂತಿದ್ದ. ಅಂಗಿಯ ಮೇಲೆಲ್ಲ ತೆಂಗಿನ ನಾರು. ಗಾಡಿ ಹತ್ತಿದವನು ಮೊದಲು ಕೇಳಿದ್ದು, “ಯಾವ್ದ್? ದೊಡ್ಡದಾ?”

ಸುಜಾತ ಇಲ್ಲವೆಂದು ತಲೆಯಾಡಿಸಿದಳು.

“ಸಣ್ಣದಾ? ದೊಡ್ಡದ್ ಅಲ್ದಾ ಯಾವಾಗ್ಲೂ ಮರ್ಕುದ್?” ಎಂದ. ಅಳುವುದಕ್ಕೆ ನಮ್ಮಲ್ಲಿ ಮರ್ಕುವುದು ಎನ್ನುತ್ತೇವೆ. ಏನಾದರೂ ಆದರೆ ಅಳುವ ಮಗುವಿಗೇ ಆಗುತ್ತದೆ ಎಂದು ಅವನೂ ನಂಬಿದ್ದ. ಆ ಮನೆಯಲ್ಲಿ ಎಲ್ಲರ ಕಣ್ಣೂ ದೊಡ್ಡದರ ಮೇಲೆ ಇದ್ದದ್ದು ಹಾಗೆ.

ಮೂರು ದಿನ ಮಗು ಗಾಜಿನ ಪೆಟ್ಟಿಗೆಯಲ್ಲಿ ಇತ್ತು. ಹದಿನೈದನೇ ದಿನ ಬೆಳಿಗ್ಗೆ ಏಳೂ ಕಾಲಿಗೆ ಮಾನ್ಯಾ ತೀರಿಕೊಂಡಳು. ಹೆಸರು ಬಂದು ನಾಲ್ಕು ದಿನ. ಅಲ್ಲಿಯ ಹಿರಿಯ ಡಾಕ್ಟರನ್ನು ನಾನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ. ಎರಡು ದಿನ ಮುಂಚೆ ತಂದಿದ್ದರೆ? ಅವರು “ಹೇಳೋಕಾಗಲ್ಲ,” ಎಂದರು. “ಆದ್ರೆ ಅವಕಾಶ ಇರ್ತಿತ್ತು.”

ಮಗು ಸತ್ತರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಆಶಾ ಕಾರ್ಯಕರ್ತೆ ವರದಿ ಮಾಡಬೇಕು. ಆಮೇಲೆ ಆರೋಗ್ಯ ಕೇಂದ್ರದಲ್ಲಿ ಶಿಶು ಮರಣದ ಪರಿಶೀಲನಾ ಸಭೆ ನಡೆಯುತ್ತದೆ. ಯಾವ ದಿನ ಯಾರು ಏನು ನೋಡಿದರು ಎಂದು ಒಂದೊಂದೇ ಸಾಲು ಕೇಳುತ್ತಾರೆ. ಸಭೆಯ ದಿನ ಬೆಳಿಗ್ಗೆ ನಮ್ಮ ಸಿಸ್ಟರ್ ನನ್ನನ್ನು ಔಷಧಿ ಕೋಣೆಗೆ ಕರೆದು ಕಾರ್ಡು ಬಿಡಿಸಿದರು. ಒಂಬತ್ತನೇ ದಿನದ ಸಾಲಿನಲ್ಲಿ ‘ಸರಿ’ ಎಂಬ ಎರಡಕ್ಷರ. ಹನ್ನೊಂದನೇ ದಿನದ ಸಾಲು ಖಾಲಿ.

“ಗಿರಿಜಾ, ಉಸಿರು ಐವತ್ತು ಅಂತ ಬರಿ,” ಎಂದರು ಮೆಲ್ಲಗೆ. “ಎರಡೂ ಕಡೆ ಐವತ್ತು. ಹೋದ ಮಗು ಬರೂದಿಲ್ಲ. ನಿನ್ನ ಕೆಲಸ ಉಳಿಲಿ. ಗಂಡ ಇಲ್ದವಳು ನೀನು.”

ಅವರು ಕೆಟ್ಟವರಲ್ಲ, ನನ್ನ ಮೇಲಿನ ಮರುಕದಿಂದ ಹೇಳಿದ್ದು. ಪೆನ್ನಿನ ಮುಚ್ಚಳ ತೆಗೆದು ಕೈಗೂ ಕೊಟ್ಟರು. ನಾನು ತುಂಬ ಹೊತ್ತು ಹಿಡಿದುಕೊಂಡಿದ್ದೆ. ಬರೆಯಬೇಕು ಎಂದು ಅನ್ನಿಸಲಿಲ್ಲ ಎಂದು ನಿಮಗೆ ಸುಳ್ಳು ಹೇಳುವುದಿಲ್ಲ. ಅನ್ನಿಸಿತ್ತು. ಆದರೆ ಐವತ್ತು ಎಂದು ಬರೆದರೆ, ಆ ಮಗುವನ್ನು ಒಂಬತ್ತನೇ ದಿನ ಯಾರೋ ಬಿಚ್ಚಿ ನೋಡಿದ್ದರು ಎಂದಾಗುತ್ತಿತ್ತು. ಯಾರೂ ನೋಡಿರಲಿಲ್ಲ. ಪೆನ್ನು ಹಿಂದೆ ಕೊಟ್ಟೆ.

ಸಭೆಯಲ್ಲಿ ಹನ್ನೆರಡು ಜನ ಇದ್ದರು. ಏಳು ವರ್ಷದಲ್ಲಿ ನಾನು ಅಲ್ಲಿ ಎದ್ದು ನಿಂತು ಮಾತಾಡಿದ್ದೇ ಇಲ್ಲ. ಡಾಕ್ಟರು ಒಂಬತ್ತನೇ ದಿನದ ಉಸಿರು ಎಷ್ಟಿತ್ತು ಎಂದು ಕೇಳಿದಾಗ ಎದ್ದೆ.

“ಎಣಿಸಲಿಲ್ಲ ಸರ್. ಎಬ್ಬಿಸಬೇಡ ಅಂದರು, ಬಿಟ್ಟೆ. ಹನ್ನೊಂದನೇ ದಿನ ಒಳಗೇ ಹೋಗಲಿಲ್ಲ. ತೊಟ್ಟಿಲ ಶಾಸ್ತ್ರ ಇತ್ತು. ನಾನು ಹೊರಗೆ ಕೂತಿದ್ದೆ.”

ಡಾಕ್ಟರು ಕಾರ್ಡನ್ನೇ ನೋಡುತ್ತಿದ್ದರು. “ನಾನು ಆ ಮಾತು ಹೇಳಬಾರದಿತ್ತು,” ಎಂದರು. ಯಾವ ಮಾತು ಎಂದು ಉಳಿದವರಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ಅವರು ಹೇಳಿದ್ದು ಏಳನೇ ದಿನದ ಮಟ್ಟಿಗೆ ಸರಿಯೇ ಇತ್ತು. ಹೇಳಿದ ಮೇಲೂ ಅವರು ಎರಡೂ ಮಕ್ಕಳನ್ನು ಬಿಚ್ಚಿ ನೋಡಿದ್ದರು. ನಾನು ಮಾತನ್ನು ಮಾತ್ರ ಮನೆಗೆ ತಂದೆ. ನನಗೆ ಒಂದು ನೋಟಿಸು ಬಂತು, ಮೂರು ದಿನದ ತರಬೇತಿಗೆ ಮತ್ತೆ ಕಳಿಸಿದರು. ಕೆಲಸ ಉಳಿಯಿತು.

ಧನ್ಯಾಳ ಇಪ್ಪತ್ತೊಂದನೇ ದಿನದ ಭೇಟಿ ಬಾಕಿ ಇತ್ತು. ಬೇರೆಯವರನ್ನು ಕಳಿಸುತ್ತೇನೆ ಎಂದು ಸಿಸ್ಟರ್ ಹೇಳಿದರು. ನಾನೇ ಹೋದೆ. ಬೈದರೆ ಬೈಯಿಸಿಕೊಳ್ಳಬೇಕು ಎಂದು ಮನಸ್ಸು ಮಾಡಿಕೊಂಡಿದ್ದೆ. ಸೀತಮ್ಮ ದೊಡ್ಡದರ ಬಟ್ಟೆಯನ್ನು ತಾನೇ ಬಿಚ್ಚಿ ನನ್ನ ಮುಂದೆ ಮಲಗಿಸಿದಳು. ಮಗು ಅಳಲು ಶುರುಮಾಡಿತು. ಅಳು ನಿಲ್ಲುವವರೆಗೆ ಕಾದು, ಗಡಿಯಾರ ಹಿಡಿದು ಎಣಿಸಿದೆ. ಸೀತಮ್ಮನ ತುಟಿಯೂ ನನ್ನ ಜೊತೆ ಎಣಿಸುತ್ತಿತ್ತು. ನಲವತ್ತಾರು. ಬರೆದುಕೊಂಡೆ.

ಆಕೆ ಎದ್ದು ಬಚ್ಚಲಿಗೆ ಹೋದ ಮೇಲೆ ಸುಜಾತ ನನ್ನ ಕಡೆ ನೋಡದೆ ಹೇಳಿದಳು.

“ತೊಟ್ಲಿಗ್ ಹಾಕಿದ್ ದಿನ ಜಗ್ಲಿಯಗೆ ನಿಮ್ ಸ್ವರ ಕೇಂಡೆ ನಾನ್. ನೀವ್ ಒಳಗ್ ಬತ್ರಿ ಅಂದ್ಹೇಳಿ ಸಣ್ಣದ್ರ ಬಟ್ಟಿ ಬಿಚ್ಚಿ ಮಡ್ಲಗೆ ಇಟ್ಕಂಡ್ ಕೂಕಂಡಿದ್ದೆ. ಎಲ್ರೂ ಬೈದ್ರು, ಥಂಡಿ ಆತ್ತ್ ಅಂದ್ಹೇಳಿ. ನೀವ್ ಹೋದ್ದ್ ಗೊತ್ತಾಯ್ಲಿಲ್ಲೆ.”

ಕ್ಷಮಿಸು ಎಂದು ಹೇಳಲು ನನಗೆ ಆಗಲಿಲ್ಲ. ಅವಳ ಕೈ ಹಿಡಿಯಲು ಹೋದೆ, ಅವಳು ಮಗುವಿಗೆ ಬಟ್ಟೆ ಸುತ್ತತೊಡಗಿದಳು. ಅವಳ ಮಟ್ಟಿಗೆ ನಾನು ಇವತ್ತಿಗೂ ಆ ಜಗಲಿಯಲ್ಲೇ ಕೂತಿರಬಹುದು.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಚಾಕ್ ಅಂಡ್ ಚೀಸ್ ಎಂಬ ಮಾತಿಗೆ ಇಬ್ಬರು ಬೇಕು. ಒಬ್ಬರ ಪಕ್ಕ ಇನ್ನೊಬ್ಬರನ್ನು ನಿಲ್ಲಿಸಿ ಹೇಳುವ ಮಾತು ಅದು. ವಾಕ್ಯದಲ್ಲಿ ಬಳಸಿ, ತಪ್ಪಿಲ್ಲ. ಆದರೆ ಹಾಗೆ ಪಕ್ಕಪಕ್ಕ ನಿಲ್ಲಿಸಿ ನೋಡಿದರೆ ಒಬ್ಬರು ಇನ್ನೊಬ್ಬರ ಹಾಗಿಲ್ಲ ಎಂಬುದಷ್ಟೇ ತಿಳಿಯುತ್ತದೆ. ಆ ಒಬ್ಬರು ನಿನ್ನೆ ಇದ್ದ ಹಾಗೆ ಇವತ್ತು ಇದ್ದಾರೆಯೇ ಎಂಬುದು ತಿಳಿಯುವುದಿಲ್ಲ. ಸಣ್ಣದನ್ನು ನಾವೆಲ್ಲ ದೊಡ್ಡದರ ಜೊತೆ ಹೋಲಿಸಿದೆವು. ಏಳನೇ ದಿನದ ಸಣ್ಣದರ ಜೊತೆ ಒಂಬತ್ತನೇ ದಿನದ ಸಣ್ಣದನ್ನು ಹೋಲಿಸಿದವಳು ಅದರ ತಾಯಿ ಒಬ್ಬಳೇ. ಅವಳ ಅರ್ಧ ವಾಕ್ಯವನ್ನು ನಾವು ಪೂರ್ತಿ ಮಾಡಲು ಬಿಡಲಿಲ್ಲ.

ಅದೇ ವರ್ಷ ಏಪ್ರಿಲಿನಲ್ಲಿ ಇನ್ನೊಂದು ಮನೆಯಲ್ಲಿ ತೊಟ್ಟಿಲ ಶಾಸ್ತ್ರದ ದಿನವೇ ನನ್ನ ಭೇಟಿ ಬಂತು. ಹೊಸ್ತಿಲಲ್ಲಿ ಒಬ್ಬ ಹಿರಿಯ ಹೆಂಗಸು ನನ್ನ ಬರಿದಾದ ಕುತ್ತಿಗೆ ನೋಡಿ, “ಈಗ್ಳೇ ಬರ್ಕಾ? ನಾಳಿಗ್ ಆತಿಲ್ಯಾ?” ಎಂದಳು. ನನ್ನ ಕಿವಿ ಬಿಸಿಯಾಯಿತು. “ಈಗ್ಳೇ ಬರ್ಕ್,” ಎಂದೆ. ಎಲ್ಲರೂ ನೋಡುತ್ತಿರುವಾಗ ಒಳಗೆ ಹೋಗಿ, ತೊಟ್ಟಿಲಿನಿಂದ ಮಗುವನ್ನು ಎತ್ತಿ, ಬಟ್ಟೆ ಬಿಚ್ಚಿ, ಪೂರ್ತಿ ಒಂದು ನಿಮಿಷ ಎಣಿಸಿದೆ. ಕೆಲಸ ಬಿಟ್ಟು ಬ್ರಹ್ಮಾವರಕ್ಕೆ ಬರುವವರೆಗೆ ಒಂದು ಭೇಟಿಯಲ್ಲೂ ಅದನ್ನು ಬಿಡಲಿಲ್ಲ. ನಾಚಿಕೆ ಹೋಯಿತು ಎಂದಲ್ಲ, ಅದು ಹಾಗೆಯೇ ಇತ್ತು. ಎಣಿಸಿ ಮುಗಿಯುವವರೆಗೆ ಅದನ್ನು ಹೊರಗೆ ಕೂರಿಸಲು ಕಲಿತೆ.